ಗುದ್ದಲಿ ಪೂಜೆಗೆ ಮುನ್ನವೇ ಕೇಳಿ: ಪಟ್ಟಣದ ಪುನರಭಿವೃದ್ಧಿಗೆ ಲೆಕ್ಕ ಪಡೆಯುವ ಬಗೆ

“ನಮ್ಮ ಬೀದಿಯನ್ನು ಅಗಲ ಮಾಡುತ್ತಾರಂತೆ, ಹಳೆಯ ಮಾರುಕಟ್ಟೆಯನ್ನು ಕೆಡವಿ ಹೊಸದು ಕಟ್ಟುತ್ತಾರಂತೆ, ಕೆರೆಯ ದಂಡೆಯ ಮೇಲೆ ಉದ್ಯಾನ ಬರುತ್ತದಂತೆ. ಇದನ್ನೆಲ್ಲ ನಾವು ಕೇಳಬಹುದೇ? ಯಾರನ್ನು ಕೇಳಬೇಕು?” ಉತ್ತರ ಕನ್ನಡ ಜಿಲ್ಲೆಯ ಕಾರವಾರ, ಶಿರಸಿ, ಕುಮಟಾ, ಅಂಕೋಲಾ ಕಡೆಯ ಓದುಗರು ಬೇರೆ ಬೇರೆ ಮಾತುಗಳಲ್ಲಿ ಕಳಿಸುವ ಪ್ರಶ್ನೆಯ ಸಾರ ಇಷ್ಟೇ. ಇದರಲ್ಲಿ ಮೂರು ಬಾರಿ ಬಂದಿರುವ “ಅಂತೆ”ಯನ್ನು ಗಮನಿಸಿ. ಊರಿನ ರೂಪವನ್ನೇ ಬದಲಿಸುವ ಕೆಲಸ ಊರಿನವರಿಗೆ ಗಾಳಿಸುದ್ದಿಯಾಗಿ ತಲುಪುತ್ತದೆ. ಅದು ನಿಜವೆಂದು ಗೊತ್ತಾಗುವುದು ಗುದ್ದಲಿ ಪೂಜೆಯ ದಿನ, ಶಾಮಿಯಾನ ಹಾಕಿದ ಮೇಲೆ. ಅಷ್ಟರಲ್ಲಿ ನಕ್ಷೆ, ಮೊತ್ತ, ಗುತ್ತಿಗೆದಾರ ಎಲ್ಲವೂ ನಿರ್ಧಾರವಾಗಿರುತ್ತವೆ. ಆ “ಅಂತೆ”ಯನ್ನು ಕಾಗದಕ್ಕೆ ಇಳಿಸುವ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದೆ.

ಕೇಳಲೇಬೇಕು ಏಕೆ?

ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಯಲ್ಲಿದೆ. ಅದರೊಂದಿಗೆ ಬಂದ ಹನ್ನೆರಡನೆಯ ಅನುಸೂಚಿಯಲ್ಲಿ ನಗರ ಯೋಜನೆ, ಭೂಬಳಕೆಯ ನಿಯಂತ್ರಣ, ರಸ್ತೆ, ನೀರು, ಕೊಳೆಗೇರಿ ಸುಧಾರಣೆ ಸೇರಿದಂತೆ 18 ವಿಷಯಗಳಿವೆ. ಸ್ಥಳೀಯ ಸಂಸ್ಥೆಗಳಿಗೆ ಸೇರಬೇಕಾದ ಕೆಲಸಗಳೆಂದು ಇವನ್ನು ಗುರುತಿಸಲಾಗಿದೆ. ಅಧಿಕಾರ ಎಲ್ಲಿಗೆ ಬಂದಿದೆಯೋ ಉತ್ತರ ಹೇಳುವ ಹೊಣೆಯೂ ಅಲ್ಲಿಗೇ ಬಂದಿರಬೇಕು. ಆದರೆ ಅದೇ ಸಂವಿಧಾನ ವಾರ್ಡ್ ಸಮಿತಿಗಳನ್ನು ಕಡ್ಡಾಯ ಮಾಡಿರುವುದು 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಪಟ್ಟಣಗಳಿಗೆ ಮಾತ್ರ. ಕಾರವಾರವಾಗಲಿ ಶಿರಸಿಯಾಗಲಿ ಆ ಸಂಖ್ಯೆಯ ಹತ್ತಿರಕ್ಕೂ ಬರುವುದಿಲ್ಲ. ಹಾಗಾಗಿ ನಮ್ಮ ಕಡೆಯ ನಿವಾಸಿಗೆ ಸಂವಿಧಾನವೇ ಕಟ್ಟಿಕೊಟ್ಟ ಚಾವಡಿಯೊಂದಿಲ್ಲ. ಅರ್ಜಿ ಬರೆದೇ ಕೇಳಬೇಕು.

ಇನ್ನೊಂದು ಕಾರಣ ಕಾಲಕ್ಕೆ ಸಂಬಂಧಿಸಿದ್ದು. ಚುನಾಯಿತ ಮಂಡಳಿಯ ಅವಧಿ ಐದು ವರ್ಷ, ಅಧಿಕಾರಿ ಅದಕ್ಕೂ ಮೊದಲೇ ವರ್ಗವಾಗಿ ಹೋಗುತ್ತಾರೆ, ಗುತ್ತಿಗೆದಾರನ ಹೊಣೆ ಕರಾರಿನಲ್ಲಿ ಬರೆದಷ್ಟು ತಿಂಗಳು ಮಾತ್ರ. ತಪ್ಪು ಇಳಿಜಾರಿನಲ್ಲಿ ಕಟ್ಟಿದ ಗಟಾರ ಮಾತ್ರ ಮೂವತ್ತು ವರ್ಷ ಅಲ್ಲೇ ಇರುತ್ತದೆ, ಅದರ ಎದುರು ಮನೆಯವರೂ ಅಲ್ಲೇ ಇರುತ್ತಾರೆ. ಹಣದ ಮಾತೂ ಹಾಗೆಯೇ. ಏಷ್ಯನ್ ಅಭಿವೃದ್ಧಿ ಬ್ಯಾಂಕ್ 1999ರಲ್ಲಿ ಮಂಜೂರು ಮಾಡಿದ ಸಾಲದಿಂದ ಕರಾವಳಿ ಭಾಗದ ಹತ್ತು ಪಟ್ಟಣಗಳಲ್ಲಿ ನೀರು, ಒಳಚರಂಡಿ ಮುಂತಾದ ಕೆಲಸಗಳನ್ನು ಕೈಗೊಂಡಾಗ ಕಾರವಾರ, ಶಿರಸಿ, ಅಂಕೋಲಾ, ಭಟ್ಕಳ, ದಾಂಡೇಲಿ ಈ ಐದೂ ಆ ಪಟ್ಟಿಯಲ್ಲಿದ್ದವು. ಹಾಕಿದ ಕೊಳವೆ ಕೆಲಸ ಮಾಡಲಿ ಬಿಡಲಿ, ಇಂಥ ಸಾಲದ ಕಂತು ಸಾರ್ವಜನಿಕರ ಹಣದಿಂದಲೇ ಹೋಗುತ್ತದೆ.

ಪುನರಭಿವೃದ್ಧಿಯ ನಷ್ಟ ಎಲ್ಲರಿಗೂ ಸಮನಾಗಿ ತಟ್ಟುವುದಿಲ್ಲ ಎಂಬುದನ್ನೂ ಮರೆಯಬಾರದು. ಮಾರುಕಟ್ಟೆ ಕೆಡವಿದ ಎರಡು ಮೂರು ವರ್ಷ ಊರಿನ ಉಳಿದವರಿಗೆ ಸ್ವಲ್ಪ ಅನಾನುಕೂಲವಷ್ಟೇ. ಬುಟ್ಟಿಯಲ್ಲಿ ಬಂಗಡೆ, ತಾರಲೆ ಮೀನು ಇಟ್ಟುಕೊಂಡು ಕೂರುವ ಮಹಿಳೆಗೆ ಅದೇ ಅವಧಿ ಜೀವನೋಪಾಯದ ಪ್ರಶ್ನೆ.

ಹಂತ 1: ಕೆಲಸ ಯಾರದ್ದೆಂದು ಮೊದಲು ತಿಳಿಯಿರಿ

ಅರ್ಧಕ್ಕರ್ಧ ಅರ್ಜಿಗಳು ವ್ಯರ್ಥವಾಗುವುದು ಈ ಹಂತದಲ್ಲೇ. ಊರೊಳಗಿನ ಎಲ್ಲ ಕೆಲಸವೂ ನಗರಸಭೆಯದ್ದಲ್ಲ. ರಾಷ್ಟ್ರೀಯ ಹೆದ್ದಾರಿ 66ರ ಚತುಷ್ಪಥ ಕಾಮಗಾರಿ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರಕ್ಕೆ ಸೇರಿದ್ದು. 2024ರ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿದಾಗ, ಹೆದ್ದಾರಿಯ ಆ ಸೇತುವೆಯ ನಿರ್ವಹಣೆಯ ಬಗ್ಗೆ ನಗರಸಭೆಯನ್ನು ಕೇಳಿದ್ದರೆ ಉತ್ತರ ಸಿಗುತ್ತಿರಲಿಲ್ಲ. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆಗಳು ಲೋಕೋಪಯೋಗಿ ಇಲಾಖೆಯವು, ಬಂದರಿನ ಪ್ರದೇಶ ಬಂದರು ಇಲಾಖೆಯದು, ವಿದ್ಯುತ್ ಕಂಬಗಳು ಹೆಸ್ಕಾಂನವು. ದೊಡ್ಡ ನೀರಿನ ಮತ್ತು ಒಳಚರಂಡಿ ಕೆಲಸಗಳನ್ನು ಬಹುಪಾಲು ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಮಾಡಿಸುತ್ತದೆ. ಇವನ್ನು ಬಿಟ್ಟ ಊರೊಳಗಿನ ರಸ್ತೆ, ಗಟಾರ, ಮಾರುಕಟ್ಟೆ, ಉದ್ಯಾನ, ವಾಣಿಜ್ಯ ಮಳಿಗೆ, ಬೀದಿದೀಪಗಳಲ್ಲಿ ಹೆಚ್ಚಿನವು ಸ್ಥಳೀಯ ಸಂಸ್ಥೆಯ ಪಾಲು.

ಸ್ಥಳೀಯ ಸಂಸ್ಥೆಯಲ್ಲೂ ದರ್ಜೆಗಳಿವೆ. ಕಾರವಾರ, ಶಿರಸಿ, ದಾಂಡೇಲಿಗಳಲ್ಲಿ ನಗರಸಭೆ. ಅಲ್ಲಿ ಆಡಳಿತದ ಮುಖ್ಯಸ್ಥರು ಪೌರಾಯುಕ್ತರು. ಕುಮಟಾ, ಅಂಕೋಲಾ, ಹಳಿಯಾಳದಂಥ ಪುರಸಭೆಗಳಲ್ಲಿ ಮತ್ತು ಹೊನ್ನಾವರ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡದಂಥ ಪಟ್ಟಣ ಪಂಚಾಯಿತಿಗಳಲ್ಲಿ ಮುಖ್ಯಾಧಿಕಾರಿ. ಎಲ್ಲಕ್ಕೂ ಆಧಾರ 1964ರ ಕರ್ನಾಟಕ ಪುರಸಭೆಗಳ ಅಧಿನಿಯಮ. ಇವುಗಳ ಮೇಲೆ ನಿಗಾ ಇಡುವುದು ಜಿಲ್ಲಾಧಿಕಾರಿ ಮತ್ತು ಅವರ ಕಚೇರಿಯಲ್ಲಿರುವ ಜಿಲ್ಲಾ ನಗರಾಭಿವೃದ್ಧಿ ಕೋಶ. ಚುನಾಯಿತ ಮಂಡಳಿ ಇಲ್ಲದ ಅವಧಿಯಲ್ಲಿ ಆಡಳಿತಾಧಿಕಾರಿಯ ಹೆಸರಿಗೆ ಬರೆಯಬೇಕು. ಸದಸ್ಯರಿಲ್ಲ ಎಂಬುದು ಉತ್ತರ ಕೊಡದಿರಲು ನೆಪವಾಗದು.

ಎಚ್ಚರಿಕೆ: ಹಣ ನಗರಸಭೆಯದ್ದಾಗಿದ್ದು, ಕೆಲಸ ಮಾಡಿಸುವವರು ಕೆಆರ್‌ಐಡಿಎಲ್ ಅಥವಾ ನಿರ್ಮಿತಿ ಕೇಂದ್ರದಂಥ ಸರ್ಕಾರಿ ನಿರ್ಮಾಣ ಸಂಸ್ಥೆ ಆಗಿರಬಹುದು. ಆಗ ಇಬ್ಬರೂ ಒಬ್ಬರ ಕಡೆಗೆ ಇನ್ನೊಬ್ಬರು ಕೈ ತೋರಿಸುತ್ತಾರೆ. “ಇದು ನಮ್ಮದಲ್ಲ” ಎಂದು ಬಾಯಲ್ಲಿ ಹೇಳಿದರೆ ಒಪ್ಪಬೇಡಿ, ಹಿಂಬರಹ ಕೇಳಿ. ಹಿಂಬರಹ ಎಂದರೆ ನಿಮ್ಮ ಅರ್ಜಿಗೆ ಕಚೇರಿ ಲಿಖಿತವಾಗಿ ಕೊಡುವ ಉತ್ತರ. ಮುಂದಿನ ಪ್ರತಿ ಮೆಟ್ಟಿಲಿನಲ್ಲೂ ಅದು ಬೇಕಾಗುತ್ತದೆ.

ಹಂತ 2: ಕೇಳುವ ಕಾಲವನ್ನು ಆರಿಸಿಕೊಳ್ಳಿ

ಒಂದು ಕಾಮಗಾರಿ ಹುಟ್ಟುವ ಕ್ರಮ ಹೀಗಿರುತ್ತದೆ. ಅನುದಾನ ಬರುತ್ತದೆ ಅಥವಾ ಬಜೆಟ್‌ನಲ್ಲಿ ಹಣ ಇಡಲಾಗುತ್ತದೆ. ಯಾವ ವಾರ್ಡಿಗೆ ಯಾವ ಕೆಲಸ ಎಂಬ ಕ್ರಿಯಾ ಯೋಜನೆ ಸಿದ್ಧವಾಗಿ ಸಾಮಾನ್ಯ ಸಭೆಯಲ್ಲಿ ಠರಾವು ಆಗುತ್ತದೆ. ಆಡಳಿತಾತ್ಮಕ ಮಂಜೂರಾತಿ, ಅಂದರೆ ಈ ಕೆಲಸಕ್ಕೆ ಇಷ್ಟು ಹಣ ಖರ್ಚು ಮಾಡಬಹುದು ಎಂಬ ಒಪ್ಪಿಗೆ ಸಿಗುತ್ತದೆ. ಬಳಿಕ ನಕ್ಷೆ ಮತ್ತು ಲೆಕ್ಕ ಸರಿಯಿದೆ ಎಂಬ ಎಂಜಿನಿಯರರ ಒಪ್ಪಿಗೆ, ಅಂದರೆ ತಾಂತ್ರಿಕ ಮಂಜೂರಾತಿ. ನಂತರ ಟೆಂಡರ್, ಕಾರ್ಯಾದೇಶ, ಕೊನೆಗೆ ಗುದ್ದಲಿ ಪೂಜೆ. ಪ್ರಶ್ನೆಗೆ ಬೆಲೆ ಇರುವುದು ಕ್ರಿಯಾ ಯೋಜನೆಯ ಹೊತ್ತಿನಲ್ಲಿ. ಪೂಜೆಯಾದ ಮೇಲೆ ಕೇಳಿದರೆ ನೀವು ಅಭಿವೃದ್ಧಿಗೆ ಅಡ್ಡಿ ಮಾಡುವವರಾಗುತ್ತೀರಿ. ಅದಕ್ಕೂ ಮೊದಲು ಕೇಳಿದರೆ ಸಲಹೆ ಕೊಡುವವರಾಗುತ್ತೀರಿ. ಇಬ್ಬರೂ ಕೇಳುವ ಪ್ರಶ್ನೆ ಒಂದೇ ಇರಬಹುದು, ಕಚೇರಿಯಲ್ಲಿ ಸಿಗುವ ಮುಖ ಬೇರೆ.

ಬಜೆಟ್ ಮಂಡನೆಗೆ ಮುನ್ನ ಸಾರ್ವಜನಿಕರ ಪೂರ್ವಭಾವಿ ಸಭೆ ಕರೆಯುವ ಪದ್ಧತಿ ನಮ್ಮ ನಗರಸಭೆ, ಪುರಸಭೆಗಳಲ್ಲಿ ಇದೆ. ಸಾಮಾನ್ಯವಾಗಿ ಅಲ್ಲಿ ಬೆರಳೆಣಿಕೆಯ ಜನ ಇರುತ್ತಾರೆ. ಹೋಗಿ, ನಿಮ್ಮ ಬೇಡಿಕೆಯನ್ನು ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಎಂದು ಮೀಸಲಿಡುವ ನಿಧಿ ಹೇಗೆ ಬಳಕೆಯಾಯಿತು ಎಂಬ ಪ್ರಶ್ನೆಗೂ ಅದೇ ಸರಿಯಾದ ಜಾಗ.

ನಮ್ಮ ಜಿಲ್ಲೆಗೆ ವಿಶೇಷವಾದ ಎರಡು ಕಾಲಗಳಿವೆ. ಒಂದು, ಮಳೆಗಾಲಕ್ಕೆ ಮೊದಲಿನ ಏಪ್ರಿಲ್, ಮೇ. ಅರ್ಧ ಅಗೆದ ರಸ್ತೆಯನ್ನು ಹೇಗಾದರೂ ಮುಚ್ಚಿಬಿಡುವ ತುರ್ತು ಆಗಿನದು. ಇನ್ನೊಂದು, ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ಮುಂಚಿನ ವಾರಗಳು. ಜಾತ್ರೆಗೆ ಮುನ್ನ ಬಿದ್ದ ಡಾಂಬರನ್ನು ಬಿಡ್ಕಿಬೈಲಿನ ಗದ್ದಲ ಮುಗಿದ ಮೇಲೆ ಒಮ್ಮೆ ನಡೆದು ನೋಡಿ. ತುರ್ತು ನಿಜವಾದದ್ದೇ, ಆದರೆ ಜಾತ್ರೆಯ ದಿನಾಂಕ ಎಲ್ಲರಿಗೂ ಮೊದಲೇ ಗೊತ್ತಿರುವಾಗ ಅಂದಾಜು ಪತ್ರಿಕೆ ಕೊನೆಯ ತಿಂಗಳಲ್ಲಿ ಏಕೆ ಸಿದ್ಧವಾಗುತ್ತದೆ ಎಂಬ ಪ್ರಶ್ನೆಯನ್ನು ಜಾತ್ರೆಯಿಲ್ಲದ ವರ್ಷದಲ್ಲಿ ಕೇಳಬೇಕು.

ಹಂತ 3: ಯಾವ ಕಾಗದ ಬೇಕೆಂದು ಗುರುತಿಸಿ

“ಈ ಯೋಜನೆಯ ಎಲ್ಲ ಮಾಹಿತಿ ಕೊಡಿ” ಎಂದು ಬರೆದರೆ ಏನೂ ಬರುವುದಿಲ್ಲ. ಕಡತದೊಳಗೆ ಯಾವ ಕಾಗದಗಳಿರುತ್ತವೆ ಎಂಬುದು ಗೊತ್ತಿದ್ದರೆ ಅವುಗಳ ಹೆಸರು ಹಿಡಿದೇ ಕೇಳಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು ಅಂದಾಜು ಪತ್ರಿಕೆ, ಕಚೇರಿಯ ಮಾತಿನಲ್ಲಿ ಎಸ್ಟಿಮೇಟ್. ರಸ್ತೆಯ ಉದ್ದ, ಅಗಲ, ಕಾಂಕ್ರೀಟಿನ ದಪ್ಪ, ಕೆಳಗೆ ಹಾಕಬೇಕಾದ ಜಲ್ಲಿಯ ಪದರ, ಗಟಾರದ ಆಳ, ಪ್ರತಿಯೊಂದರ ದರ ಇವೆಲ್ಲ ಅದರಲ್ಲಿರುತ್ತವೆ. ದರವನ್ನು ಇಲಾಖೆಯ ದರಪಟ್ಟಿಯಿಂದ ತೆಗೆದುಕೊಂಡಿರುತ್ತಾರೆ. ಆಡುಮಾತಿನಲ್ಲಿ ಇದೇ ಎಸ್.ಆರ್. ಅಂದಾಜು ಪತ್ರಿಕೆಯಿಲ್ಲದೆ “ಕೆಲಸ ಕಳಪೆ” ಎಂದು ಹೇಳುವುದು ಅಳತೆಗೋಲಿಲ್ಲದೆ ಬಟ್ಟೆ ಅಳೆದಂತೆ. ದೊಡ್ಡ ಯೋಜನೆಯಾದರೆ ಇದರ ಜೊತೆ ವಿವರವಾದ ಯೋಜನಾ ವರದಿ, ಅಂದರೆ ಡಿಪಿಆರ್ ಇರುತ್ತದೆ. ಈ ಯೋಜನೆ ಏಕೆ ಬೇಕು, ಯಾರನ್ನು ಎಲ್ಲಿಗೆ ಸ್ಥಳಾಂತರಿಸಲಾಗುತ್ತದೆ, ನೀರು ಎಲ್ಲಿಗೆ ಹರಿಯುತ್ತದೆ ಎಂಬ ಉತ್ತರಗಳು ಅದರಲ್ಲಿರಬೇಕು.

ಎರಡನೆಯದು ಕಾರ್ಯಾದೇಶ ಮತ್ತು ಕರಾರು. ಕೆಲಸ ಯಾವಾಗ ಮುಗಿಯಬೇಕು, ತಡವಾದರೆ ದಂಡ ಎಷ್ಟು, ಮುಗಿದ ಮೇಲೆ ಎಷ್ಟು ಕಾಲ ಗುತ್ತಿಗೆದಾರನೇ ದುರಸ್ತಿ ಮಾಡಬೇಕು ಎಂಬುದು ಇಲ್ಲಿದೆ. ಮೂರನೆಯದು ಅಳತೆ ಪುಸ್ತಕ, ಎಲ್ಲರೂ ಎಂ.ಬಿ. ಎಂದು ಕರೆಯುವುದು. ಎಂಜಿನಿಯರ್ ಸ್ಥಳಕ್ಕೆ ಹೋಗಿ ಅಳೆದು ಬರೆದ ದಾಖಲೆ ಅದು. ಬಿಲ್ಲು ಪಾಸಾಗುವುದು ಅದರ ಆಧಾರದಲ್ಲಿ. ಅಂದಾಜಿನಲ್ಲಿ 200 ಮೀಟರ್, ಅಳತೆ ಪುಸ್ತಕದಲ್ಲಿ 200 ಮೀಟರ್, ನಿಮ್ಮ ಟೇಪಿನಲ್ಲಿ 170 ಮೀಟರ್ ಬಂದರೆ ಮುಂದೆ ವಾದ ಮಾಡುವ ಅಗತ್ಯವೇ ಬೀಳದು. ಗುಣಮಟ್ಟ ಪರೀಕ್ಷೆಯ ವರದಿ, ಮೂರನೇ ವ್ಯಕ್ತಿ ತಪಾಸಣೆಯ ವರದಿ, ಸಾಮಾನ್ಯ ಸಭೆಯ ನಡವಳಿ, ರಾಜ್ಯ ಲೆಕ್ಕಪರಿಶೋಧನಾ ಇಲಾಖೆಯ ವರದಿಯಲ್ಲಿನ ಆಕ್ಷೇಪಣೆಗಳು ಇವೂ ಕೇಳಬಹುದಾದವು.

ಟೆಂಡರಿನ ವಿಷಯದಲ್ಲಿ ಒಂದು ಮಾತು. 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, ಅಂದರೆ ಕೆಟಿಪಿಪಿ ಕಾಯ್ದೆ, ಸರ್ಕಾರಿ ಖರೀದಿ ಮತ್ತು ಕಾಮಗಾರಿಗಳಿಗೆ ಟೆಂಡರನ್ನು ನಿಯಮವಾಗಿಸಿದೆ. ಟೆಂಡರ್ ಪ್ರಕಟಣೆಗಳನ್ನು ರಾಜ್ಯದ ಸಾರ್ವಜನಿಕ ಸಂಗ್ರಹಣೆ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ನಿಯಮದಿಂದ ತಪ್ಪಿಸಿಕೊಳ್ಳುವ ದಾರಿಗಳು ಮುಖ್ಯವಾಗಿ ಎರಡು. ಒಂದೇ ರಸ್ತೆಯನ್ನು ಟೆಂಡರ್ ಬೇಡದಷ್ಟು ಸಣ್ಣ ಮೊತ್ತಗಳಾಗಿ ಒಡೆದು ತುಂಡು ಗುತ್ತಿಗೆ ಕೊಡುವುದು ಒಂದು. ಕಾಯ್ದೆಯ 4(ಜಿ) ಕಲಮಿನ ವಿನಾಯಿತಿ ಪಡೆದು ನೇರವಾಗಿ ಸಂಸ್ಥೆಯೊಂದಕ್ಕೆ ಕೆಲಸ ವಹಿಸುವುದು ಇನ್ನೊಂದು. ಎರಡನೆಯದು ಕಾನೂನಿನಲ್ಲೇ ಇರುವ ಅವಕಾಶ, ಆದ್ದರಿಂದ ಅದನ್ನು ಕಂಡ ಕೂಡಲೇ ಅಕ್ರಮ ಎನ್ನಬೇಡಿ; ವಿನಾಯಿತಿ ಕೊಟ್ಟ ಆದೇಶ ಮತ್ತು ಅದರಲ್ಲಿನ ಕಾರಣ ಕೇಳಿ.

ಹಂತ 4: ಮಾಹಿತಿ ಹಕ್ಕಿನ ಅರ್ಜಿ ಬರೆಯಿರಿ

ಮೊದಲು ಸಂಸ್ಥೆಯ ಜಾಲತಾಣ ನೋಡಿ. 2005ರ ಮಾಹಿತಿ ಹಕ್ಕು ಅಧಿನಿಯಮದ ಕಲಂ 4(1)(ಬಿ) ಪ್ರಕಾರ ಬಜೆಟ್, ಯೋಜನೆ, ಖರ್ಚಿನ ವಿವರಗಳನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ಸಿಗದಿದ್ದರೆ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ, ಅಂಚೆ ಕಚೇರಿಯ ಪೋಸ್ಟಲ್ ಆರ್ಡರ್ ಸಾಕು. ಪ್ರತಿಗೆ ಪುಟಕ್ಕೆ 2 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಅರ್ಜಿ ಶುಲ್ಕವಿಲ್ಲ. ಏಕೆ ಬೇಕು ಎಂಬ ಕಾರಣ ಬರೆಯಬೇಕಾಗಿಲ್ಲ, ಯಾರಾದರೂ ಕೇಳಿದರೆ ಹೇಳಬೇಕಾಗಿಯೂ ಇಲ್ಲ.

ನಮ್ಮ ರಾಜ್ಯದ ನಿಯಮದಲ್ಲಿ ಬಹಳ ಜನ ಮುಗ್ಗರಿಸುವ ಒಂದು ಷರತ್ತಿದೆ: ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು ಮತ್ತು ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ರಸ್ತೆ, ಬೀದಿದೀಪ, ಕಸದ ವಾಹನ ಮೂರನ್ನೂ ಒಂದೇ ಹಾಳೆಯಲ್ಲಿ ಕೇಳಿದ ನನ್ನ ಮೊದಲ ಅರ್ಜಿ ಇದೇ ಕಾರಣಕ್ಕೆ ಹಿಂದಕ್ಕೆ ಬಂದಿತ್ತು, ಅದೂ ಇಪ್ಪತ್ತೊಂಬತ್ತನೆಯ ದಿನ. ಮಾದರಿ ಹೀಗಿರಲಿ:

“ವಿಷಯ: ___ನೇ ವಾರ್ಡಿನ ___ ರಸ್ತೆಯ ಕಾಂಕ್ರೀಟ್ ಮತ್ತು ಗಟಾರ ಕಾಮಗಾರಿ. ಈ ಒಂದು ಕಾಮಗಾರಿಗೆ ಸಂಬಂಧಿಸಿದ ಆಡಳಿತಾತ್ಮಕ ಹಾಗೂ ತಾಂತ್ರಿಕ ಮಂಜೂರಾತಿ ಆದೇಶಗಳು, ನಕ್ಷೆಸಹಿತ ಅಂದಾಜು ಪತ್ರಿಕೆ, ಕಾರ್ಯಾದೇಶ ಮತ್ತು ಕರಾರು, ಇಂದಿನವರೆಗಿನ ಅಳತೆ ಪುಸ್ತಕದ ಪುಟಗಳು, ಪಾವತಿಸಿದ ಬಿಲ್ಲುಗಳು ಮತ್ತು ಗುಣಮಟ್ಟ ಪರೀಕ್ಷಾ ವರದಿಗಳ ದೃಢೀಕೃತ ಪ್ರತಿಗಳನ್ನು ಒದಗಿಸಬೇಕು. ಕಡತವನ್ನು ಪರಿಶೀಲಿಸಲು ದಿನಾಂಕ ತಿಳಿಸಬೇಕು.”

ಕೊನೆಯ ವಾಕ್ಯವನ್ನು ಬಿಡಬೇಡಿ. ಕಲಂ 2(ಜೆ) ಪ್ರಕಾರ ಪ್ರತಿ ಪಡೆಯುವುದು ಮಾತ್ರವಲ್ಲ, ಕಡತವನ್ನು ಮತ್ತು ನಡೆಯುತ್ತಿರುವ ಕೆಲಸವನ್ನು ಪರಿಶೀಲಿಸುವುದು, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವುದು ಕೂಡ ನಿಮ್ಮ ಹಕ್ಕು. “ಏಕೆ ಮಾಡಿದಿರಿ”, “ಯಾರ ತಪ್ಪು” ಎಂಬ ಪ್ರಶ್ನೆಗಳನ್ನು ಮಾತ್ರ ಈ ಅರ್ಜಿಯಲ್ಲಿ ಹಾಕಬೇಡಿ. ಕಾಯ್ದೆ ಕೊಡಿಸುವುದು ದಾಖಲೆಯಲ್ಲಿರುವುದನ್ನು.

ಉತ್ತರಕ್ಕೆ 30 ದಿನಗಳ ಗಡುವು. ವಿಷಯ ಬೇರೆ ಕಚೇರಿಯದ್ದಾದರೆ ಐದು ದಿನಗಳೊಳಗೆ ಅವರೇ ಅಲ್ಲಿಗೆ ವರ್ಗಾಯಿಸಬೇಕು. ಉತ್ತರ ಬಾರದಿದ್ದರೆ ಅಥವಾ ಅರೆಬರೆ ಬಂದರೆ 30 ದಿನಗಳೊಳಗೆ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನಗಳೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೆಯದು. ವಿಳಂಬಕ್ಕೆ ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ. ಆದರೆ ಆಯೋಗದ ಸರದಿ ಬರಲು ಬಹಳ ತಿಂಗಳು ಹಿಡಿಯುವುದರಿಂದ, ನಡೆಯುತ್ತಿರುವ ಕೆಲಸದ ಮಟ್ಟಿಗೆ ಮೊದಲ ಮೇಲ್ಮನವಿಯನ್ನೇ ಗಟ್ಟಿಯಾಗಿ ಬರೆಯುವುದು ಜಾಣತನ.

ಹಂತ 5: ಜಾಗಕ್ಕೆ ಅನ್ವಯಿಸುವ ವಿಶೇಷ ಕಾನೂನುಗಳನ್ನು ನೋಡಿ

ಪುನರಭಿವೃದ್ಧಿ ಎಂದರೆ ಖಾಲಿ ಜಾಗದಲ್ಲಿ ಕಟ್ಟುವುದಲ್ಲ. ಅಲ್ಲಿ ಈಗಾಗಲೇ ಯಾರೋ ಇದ್ದಾರೆ, ಏನೋ ಇದೆ.

ಬೀದಿ ವ್ಯಾಪಾರಿಗಳ ವಿಷಯವನ್ನು ಮೊದಲು ಹೇಳುತ್ತೇನೆ, ಏಕೆಂದರೆ ಕಾನೂನು ಇಷ್ಟು ಸ್ಪಷ್ಟವಾಗಿದ್ದೂ ಇಷ್ಟು ಕಡಿಮೆ ಜನರಿಗೆ ಗೊತ್ತಿರುವ ಕ್ಷೇತ್ರ ಇನ್ನೊಂದಿಲ್ಲ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ವ್ಯಾಪಾರಿಗಳ ಸಮೀಕ್ಷೆ ಮುಗಿಯುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಎಬ್ಬಿಸಲು ಅಥವಾ ಬೇರೆಡೆಗೆ ಕಳಿಸಲು 30 ದಿನಗಳ ನೋಟಿಸ್ ಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. 50 ವರ್ಷಕ್ಕೂ ಹೆಚ್ಚು ಕಾಲದಿಂದ ನಡೆದುಬಂದ ಮಾರುಕಟ್ಟೆಯನ್ನು ಪಾರಂಪರಿಕ ಮಾರುಕಟ್ಟೆಯೆಂದು ಘೋಷಿಸಿ ಅಲ್ಲಿನವರನ್ನು ಸ್ಥಳಾಂತರಿಸಬಾರದು ಎಂಬ ಮಾತು ಕಾಯ್ದೆಯ ಅನುಸೂಚಿಯಲ್ಲಿದೆ. ವಶಪಡಿಸಿಕೊಂಡ ಸರಕು ಕೆಡುವಂಥದ್ದಾದರೆ ವ್ಯಾಪಾರಿ ಬಿಡಿಸಿಕೊಳ್ಳಲು ಬಂದ ದಿನವೇ ಹಿಂತಿರುಗಿಸಬೇಕು. ಮೀನಿನ ಬುಟ್ಟಿಯ ಮಟ್ಟಿಗೆ ಈ ಒಂದು ಸಾಲೇ ಇಡೀ ಕಾಯ್ದೆ. ಹಳೆಯ ಮಾರುಕಟ್ಟೆ ಕೆಡವುವ ಪ್ರಸ್ತಾವ ಬಂದರೆ ಮೊದಲು ಕೇಳಬೇಕಾದದ್ದು ಈಗಿನ ವ್ಯಾಪಾರಿಗಳ ಪಟ್ಟಿ, ತಾತ್ಕಾಲಿಕ ಜಾಗದ ಠರಾವು ಮತ್ತು ಹೊಸ ಕಟ್ಟಡದಲ್ಲಿ ಯಾರಿಗೆ ಎಷ್ಟು ಜಾಗ, ಯಾವ ಬಾಡಿಗೆಗೆ ಎಂಬ ಲಿಖಿತ ಭರವಸೆ. ಕೆಡವಿದ ಮೇಲೆ ಕೇಳಿದರೆ ಈ ಮೂರೂ ಸಿಗುವುದು ಕಷ್ಟ.

ಕಡಲ ದಂಡೆಯಲ್ಲಿ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯ. ಭರತದ, ಅಂದರೆ ಸಮುದ್ರದ ಉಬ್ಬರದ ಗೆರೆಯಿಂದ ಭೂಮಿಯ ಕಡೆಗೆ 500 ಮೀಟರ್‌ವರೆಗಿನ ಪ್ರದೇಶ, ಜೊತೆಗೆ ಕಾಳಿಯಂತೆ ಉಬ್ಬರವಿಳಿತ ಇರುವ ನದಿಗಳ ದಂಡೆಯ ಪಟ್ಟಿ ಇದರಡಿ ಬರುತ್ತವೆ. ಅಲ್ಲಿ ನಗರಸಭೆ ಕಟ್ಟುವುದಕ್ಕೂ ಈ ನಿಯಮ ಅನ್ವಯಿಸುತ್ತದೆ. ಅನುಮತಿ ಪತ್ರದ ಪ್ರತಿ ಮತ್ತು ಅದರಲ್ಲಿನ ಷರತ್ತುಗಳನ್ನು ಕೇಳಿ. ಮರ ಕಡಿಯುವುದಿದ್ದರೆ 1976ರ ಮರಗಳ ಸಂರಕ್ಷಣಾ ಅಧಿನಿಯಮದಡಿ ಮರ ಅಧಿಕಾರಿಯ ಅನುಮತಿ ಬೇಕು. ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರ ಉರುಳುವುದಾದರೆ ಆಕ್ಷೇಪಣೆ ಆಹ್ವಾನಿಸಬೇಕು. ಮಹಾಯೋಜನೆ, ಅಂದರೆ ಊರಿನ ಯಾವ ಭಾಗ ವಾಸಕ್ಕೆ, ಯಾವುದು ವ್ಯಾಪಾರಕ್ಕೆ ಎಂದು ಗುರುತಿಸುವ ಮಾಸ್ಟರ್ ಪ್ಲಾನ್ ತಯಾರಾಗುವಾಗಲೂ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದಂತೆ ಸಾರ್ವಜನಿಕರ ಅಭಿಪ್ರಾಯ ಪಡೆಯಬೇಕು.

ರಸ್ತೆ ಅಗಲೀಕರಣಕ್ಕೆ ನಿಮ್ಮ ಪಾಗಾರ ಅಥವಾ ಅಂಗಡಿಯ ಮುಂಭಾಗ ಹೋಗುವುದಾದರೆ ಒಂದೇ ಎಚ್ಚರಿಕೆ. “ಊರಿನ ಒಳ್ಳೆಯದಕ್ಕೆ, ಒಂದು ಸಹಿ ಹಾಕಿ” ಎಂದು ತರುವ ಸಮ್ಮತಿ ಪತ್ರಕ್ಕೆ ಅಳತೆ, ನಕ್ಷೆ, ಪರಿಹಾರದ ಮೊತ್ತ ಬರೆಯದ ಹೊರತು ಸಹಿ ಹಾಕಬೇಡಿ.

ಹಂತ 6: ಕೆಲಸ ನಡೆಯುವಾಗ ಕಣ್ಣಿಟ್ಟಿರಿ

ಕೈಯಲ್ಲಿ ಅಂದಾಜು ಪತ್ರಿಕೆ ಇದ್ದರೆ ಎಂಜಿನಿಯರಿಂಗ್ ಓದಿರದವರೂ ಕೆಲವನ್ನು ನೋಡಬಹುದು. ಸ್ಥಳದಲ್ಲಿ ಮೊತ್ತ, ಗುತ್ತಿಗೆದಾರ, ಅವಧಿ ಬರೆದ ಫಲಕ ಇದೆಯೇ? ಕೊಳವೆ, ಕೇಬಲ್ಲುಗಳ ಕೆಲಸ ಮುಗಿದ ಮೇಲೆ ರಸ್ತೆಗೆ ಕೈ ಹಾಕಿದ್ದಾರೆಯೇ? ಹಳೆಯ ಪದರ ಕೆರೆಯದೆ ಮೇಲೆ ಮೇಲೆ ಹಾಕುತ್ತ ರಸ್ತೆ ನಿಮ್ಮ ಹೊಸ್ತಿಲಿಗಿಂತ ಎತ್ತರವಾಗುತ್ತಿದೆಯೇ? ಕಾಂಕ್ರೀಟಿಗೆ ಸಾಮಾನ್ಯ ಸಿಮೆಂಟಾದರೆ ಕನಿಷ್ಠ 7 ದಿನ, ಮಿಶ್ರ ಸಿಮೆಂಟಾದರೆ 10 ದಿನ ನೀರು ಹಿಡಿಯಬೇಕು. ನಿಮ್ಮ ಬೀದಿಯಲ್ಲಿ ಎಷ್ಟು ದಿನ ಹಿಡಿದರೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಕರಾವಳಿಗೆ ಎರಡು ಹೆಚ್ಚಿನ ಪ್ರಶ್ನೆಗಳಿವೆ. ಉಪ್ಪಿನ ಗಾಳಿಯಲ್ಲಿ ಕಬ್ಬಿಣ ಬೇಗ ತುಕ್ಕು ಹಿಡಿದು ಉಬ್ಬುವುದರಿಂದ ಕಾಂಕ್ರೀಟ್ ಸಿಡಿಯುತ್ತದೆ. ಆದ್ದರಿಂದ ಕಾಂಕ್ರೀಟಿನ ಭಾರತೀಯ ಮಾನಕವಾದ ಐಎಸ್ 456, ಕರಾವಳಿ ಪರಿಸರಕ್ಕೆ ಒಡ್ಡಿದ ಕಬ್ಬಿಣದ ಕಾಂಕ್ರೀಟಿಗೆ ಕನಿಷ್ಠ ಎಂ-30 ದರ್ಜೆಯನ್ನೂ ಸರಳಿನ ಮೇಲೆ 45 ಮಿಲಿಮೀಟರ್ ಹೊದಿಕೆಯನ್ನೂ ಹೇಳುತ್ತದೆ. ಅಂದಾಜು ಪತ್ರಿಕೆಯಲ್ಲಿ ಅದಕ್ಕಿಂತ ಕಡಿಮೆ ದರ್ಜೆ ಬರೆದಿದ್ದರೆ ಟೆಂಡರಿಗೆ ಮೊದಲೇ ಕೇಳಬೇಕು, ಗುತ್ತಿಗೆದಾರನನ್ನು ಬೈದು ಪ್ರಯೋಜನವಿಲ್ಲ. ಇನ್ನೊಂದು, ಗಟಾರದ ಕೊನೆ. ಕಾರವಾರದಂಥ ತಗ್ಗು ಊರಿನಲ್ಲಿ ಗಟಾರ ಸಮುದ್ರಕ್ಕೋ ಹೊಳೆಗೋ ಸೇರುವ ಬಾಯಿ ಭರತದ ಮಟ್ಟಕ್ಕಿಂತ ಕೆಳಗಿದ್ದರೆ, ಆಷಾಢದ ಮಳೆ ಮತ್ತು ಭರತ ಒಟ್ಟಿಗೆ ಬಂದ ದಿನ ನೀರು ಹಿಂದಕ್ಕೆ ತಳ್ಳುತ್ತದೆ. ಗಟಾರ ಎಷ್ಟೇ ಅಗಲವಿದ್ದರೂ ಅಷ್ಟೇ. ನಕ್ಷೆಯಲ್ಲಿ ತಳದ ಮಟ್ಟ ಬರೆದಿದ್ದಾರೆಯೇ ನೋಡಿ. ಘಟ್ಟದ ಮೇಲಿನ ಶಿರಸಿಯ ಸಮಸ್ಯೆ ಇದರ ತಿರುವುಮುರುವು: ಅಲ್ಲಿ ನೀರು ಇಳಿಜಾರಿನಲ್ಲಿ ರಭಸದಿಂದ ಬಂದು ತಿರುವಿನಲ್ಲಿ ಉಕ್ಕುತ್ತದೆ.

ಫೋಟೊ ತೆಗೆಯುವಾಗ ದಿನಾಂಕವೂ ಗುರುತಿನ ಕಂಬ ಅಥವಾ ಅಂಗಡಿಯೂ ಕಾಣಲಿ. ಕೆಲಸಗಾರರೊಡನೆ ವಾದ ಬೇಡ. ಅವರಿಗೆ ಹೇಳಿದಷ್ಟು ಅವರು ಮಾಡುತ್ತಾರೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೆಸರು ಹಿಡಿದು ಲಂಚದ ಆರೋಪ ಮಾಡಬೇಡಿ, ಮಾನನಷ್ಟದ ಮೊಕದ್ದಮೆ ತಿರುಗಿ ನಿಮ್ಮ ಮೇಲೆಯೇ ಬರುತ್ತದೆ. ಸಣ್ಣ ಊರುಗಳಲ್ಲಿ ಗುತ್ತಿಗೆದಾರ ನಿಮ್ಮ ನೆಂಟನೋ ಪಕ್ಕದ ಮನೆಯವನೋ ಆಗಿರುವುದು ಸಾಮಾನ್ಯ. ಹತ್ತು ಮನೆಯವರು ಕೂಡಿ ಸಹಿ ಹಾಕಿದ ಅರ್ಜಿ ಈ ಮುಜುಗರವನ್ನು ಬಹುಮಟ್ಟಿಗೆ ತಪ್ಪಿಸುತ್ತದೆ.

ಹಂತ 7: ದೂರಿನ ಮೆಟ್ಟಿಲುಗಳು

ಮೊದಲ ದೂರು ಪೌರಾಯುಕ್ತರಿಗೆ ಅಥವಾ ಮುಖ್ಯಾಧಿಕಾರಿಗೆ, ಟಪಾಲು ವಿಭಾಗದಲ್ಲಿ ಕೊಟ್ಟು ಮೊಹರಿರುವ ಸ್ವೀಕೃತಿಯೊಂದಿಗೆ. ಸರ್ಕಾರದ ಜನಸ್ಪಂದನ ಸಹಾಯವಾಣಿ 1902ರಲ್ಲೂ ದಾಖಲಿಸಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಫಲವಿಲ್ಲದಿದ್ದರೆ ಅದೇ ದೂರು, ಸ್ವೀಕೃತಿಯ ಪ್ರತಿ ಲಗತ್ತಿಸಿ, ಜಿಲ್ಲಾಧಿಕಾರಿಗೆ. ಸಕಾಲದ ಮೊರೆ ಹೋಗುವವರಿದ್ದಾರೆ. ಸಕಾಲ ಇರುವುದು ಖಾತೆ, ಪರವಾನಗಿಯಂಥ ನಿಗದಿತ ಸೇವೆಗಳಿಗೆ, ಕಾಮಗಾರಿಯ ಗುಣಮಟ್ಟಕ್ಕೆ ಅಲ್ಲ.

ಹಣ ದುರುಪಯೋಗದ ದಾಖಲೆ ಕೈಯಲ್ಲಿದ್ದರೆ ಲೋಕಾಯುಕ್ತ. ದೂರನ್ನು ನಿಗದಿತ ನಮೂನೆಯಲ್ಲಿ, ಪ್ರಮಾಣಪತ್ರದ ಸಹಿತ ಕೊಡಬೇಕು. 1984ರ ಅಧಿನಿಯಮ ಕುಂದುಕೊರತೆಗೆ 6 ತಿಂಗಳು, ಆರೋಪಕ್ಕೆ 5 ವರ್ಷದ ಮಿತಿ ಇಟ್ಟಿದೆ. ಕರಾವಳಿ ವಲಯ, ನೀರು, ಪರಿಸರದ ಪ್ರಶ್ನೆಯಾದರೆ ಚೆನ್ನೈಯಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ; ಅಲ್ಲೂ ಸಾಮಾನ್ಯವಾಗಿ 6 ತಿಂಗಳೊಳಗೆ ಹೋಗಬೇಕು. ರಿಟ್ ಅರ್ಜಿಗೆ ನಮ್ಮ ಜಿಲ್ಲೆ ಉಚ್ಚ ನ್ಯಾಯಾಲಯದ ಧಾರವಾಡ ಪೀಠದ ವ್ಯಾಪ್ತಿಯಲ್ಲಿದೆ. ಮಹಿಳೆಯರು, ಪರಿಶಿಷ್ಟರು, ಅಂಗವಿಕಲರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಪಡೆಯಬಹುದು.

ಒಂದು ತಪ್ಪು ಹೆಜ್ಜೆಯನ್ನು ಇಲ್ಲಿ ಹೇಳಲೇಬೇಕು. “ರಸ್ತೆ ಸರಿಯಾಗುವವರೆಗೆ ಆಸ್ತಿ ತೆರಿಗೆ ಕಟ್ಟುವುದಿಲ್ಲ” ಎಂದು ಹಟ ಹಿಡಿಯುವವರು ಪ್ರತಿ ಊರಿನಲ್ಲೂ ಇದ್ದಾರೆ. ಅದರಿಂದ ದಂಡ ಬೆಳೆಯುತ್ತದೆಯೇ ಹೊರತು ರಸ್ತೆ ಬರುವುದಿಲ್ಲ, ಮೇಲಾಗಿ ಮೇಜಿನಾಚೆಯವರಿಗೆ “ನೀವು ಮೊದಲು ಬಾಕಿ ಕಟ್ಟಿ” ಎನ್ನುವ ಅವಕಾಶ ಸಿಗುತ್ತದೆ. ಏಪ್ರಿಲ್‌ನಲ್ಲೇ ಶೇ 5ರ ರಿಯಾಯಿತಿ ಪಡೆದು ಕಟ್ಟಿ, ರಸೀದಿಯ ಪ್ರತಿಯನ್ನು ದೂರಿಗೆ ಲಗತ್ತಿಸಿ.

ಹಂತ 8: ಮುಗಿದ ಮೇಲಿನ ಮಳೆಗಾಲ

ಉದ್ಘಾಟನೆಯಾದ ಮೇಲೂ ಗುತ್ತಿಗೆದಾರನ ಹಣದ ಒಂದು ಭಾಗ ಭದ್ರತಾ ಠೇವಣಿಯಾಗಿ ಸಂಸ್ಥೆಯ ಬಳಿಯೇ ಇರುತ್ತದೆ. ದೋಷ ಹೊಣೆಗಾರಿಕೆ ಅವಧಿ, ಅಂದರೆ ಬಿರುಕು, ಕುಸಿತಗಳನ್ನು ಗುತ್ತಿಗೆದಾರ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕಾದ ಅವಧಿ ಮುಗಿದ ಮೇಲೆ ಅದು ಬಿಡುಗಡೆಯಾಗುತ್ತದೆ. ಆ ದಿನಾಂಕ ಕರಾರಿನಲ್ಲಿದೆ. ಹಂತ 4ರಲ್ಲಿ ಪಡೆದ ಪ್ರತಿಯಲ್ಲಿ ಅದನ್ನು ಹುಡುಕಿ ಗುರುತು ಹಾಕಿಡಿ. ಆ ಅವಧಿಯೊಳಗೆ ಬರುವ ಪ್ರತಿ ಮಳೆಗಾಲದಲ್ಲಿ ಒಮ್ಮೆ, ಜೋರು ಮಳೆಯ ಮರುದಿನ, ಕೊಡೆ ಹಿಡಿದು ಬೀದಿಯ ಈ ತುದಿಯಿಂದ ಆ ತುದಿಗೆ ನಡೆದು ನೀರು ನಿಂತ ಜಾಗ, ಕಾಂಕ್ರೀಟ್ ಬಿಟ್ಟುಕೊಂಡ ಜಾಗ, ಮುರಿದ ಗಟಾರದ ಹಾಸುಗಳ ಫೋಟೊ ತೆಗೆದುಕೊಳ್ಳಿ. ಅವಧಿ ಮುಗಿಯಲು ಎರಡು ತಿಂಗಳಿರುವಾಗ ಪೌರಾಯುಕ್ತರಿಗೆ ಈ ಫೋಟೊಗಳೊಂದಿಗೆ ಒಂದು ಪತ್ರ ಬರೆದು, ದುರಸ್ತಿ ಮಾಡಿಸುವವರೆಗೆ ಠೇವಣಿ ಬಿಡುಗಡೆ ಮಾಡಬಾರದೆಂದು ಕೋರಿ, ಅದರ ಪ್ರತಿಯನ್ನು ಲೆಕ್ಕ ವಿಭಾಗಕ್ಕೂ ಕೊಟ್ಟು ಎರಡೂ ಕಡೆ ಸ್ವೀಕೃತಿ ಪಡೆಯಿರಿ.